ಗೇಮ್ ಮಾಡೋದೂ ಒಂದು ಕೆಲಸವೇನೇ?

ಪಿಯುಸಿ ಮುಗಿಸಿದ ಮಗಳು ‘ನಾನು ವಿಡಿಯೊ ಗೇಮ್ ಮಾಡೋದನ್ನ ಕಲೀತೀನಿ’ ಅಂದರೆ ಲಕ್ಕವಳ್ಳಿಯ ಒಬ್ಬ ತಾಯಿ ಏನು ಕೇಳಬಹುದು? ಮೊದಲನೆಯದು, ‘ಗೇಮ್ ಮಾಡೋದೂ ಒಂದು ಕೆಲಸವೇನೇ?’ ಎರಡನೆಯದು, ‘ಅದೇನು, ರಮ್ಮಿ ಥರದ್ದಾ?’ ಮೂರನೆಯದು, ‘ಅಷ್ಟು ದೂರ ಹೋಗಿ ಎಲ್ಲಿರ್ತೀಯ?’ ನಾಲ್ಕನೆಯದನ್ನು ಜಗಲಿಯಲ್ಲಿ ಕೂತ ಅಪ್ಪ ಕೇಳುತ್ತಾನೆ: ‘ಸಂಬಳ ಎಷ್ಟಂತೆ?’

ಇವು ತಿಳಿಯದವರ ಪ್ರಶ್ನೆಗಳೆಂದು ನಕ್ಕು ತಳ್ಳುವಂಥವಲ್ಲ. ಗೇಮ್ ಉದ್ಯಮಕ್ಕೆ ಹೆಣ್ಣುಮಕ್ಕಳು ಬರಬೇಕು ಎಂದು ಬೆಂಗಳೂರಿನ ಹೋಟೆಲು ಸಭಾಂಗಣಗಳಲ್ಲಿ ನಡೆಯುವ ಚರ್ಚೆಗಳಲ್ಲಿ ಹುಡುಗಿಯರಿಗೆ ಧೈರ್ಯ ತುಂಬುವ ಮಾತು ಧಾರಾಳವಾಗಿ ಸಿಗುತ್ತದೆ. ಆದರೆ ಮನೆಯಲ್ಲಿ ಈ ವಿಷಯಕ್ಕೆ ಬಾಯಿ ತೆರೆದ ಹುಡುಗಿಗೆ ಧೈರ್ಯ ಆಗಲೇ ಬಂದಿರುತ್ತದೆ. ಅವಳಿಗೆ ಬೇಕಾಗಿರುವುದು ಆ ನಾಲ್ಕು ಪ್ರಶ್ನೆಗೆ ಹೇಳಲು ನಾಲ್ಕು ಗಟ್ಟಿ ಉತ್ತರ. ಅವನ್ನು ಒದಗಿಸಬೇಕಾದವರು ಕಂಪನಿಗಳು, ಕಾಲೇಜುಗಳು, ಸರ್ಕಾರ. ಅವರನ್ನು ಹುರಿದುಂಬಿಸುವವರು ಯಾರು ಎಂಬುದೇ ನನ್ನ ತಕರಾರು.

ಚಿಕ್ಕಮಗಳೂರು ಜಿಲ್ಲೆಯ ಲಕ್ಕವಳ್ಳಿಯನ್ನು ಹೊರಗಿನವರು ಗುರುತಿಸುವುದು ಭದ್ರಾ ಅಣೆಕಟ್ಟಿನಿಂದ. ಕೆಳಗೆ ಹೊಳೆ ದಾಟಿದರೆ ಜಿಲ್ಲೆಯೇ ಬದಲಾಗುತ್ತದೆ. ಆಚೆಗಿರುವುದು ಶಿವಮೊಗ್ಗ ಜಿಲ್ಲೆಯ ಬಿ.ಆರ್.ಪಿ. ಎಂದು ಕರೆಯುವ ಊರು, ಅದಕ್ಕೆ ತಾಗಿಕೊಂಡೇ ಶಂಕರಘಟ್ಟ, ಅಲ್ಲಿ 1987ರಲ್ಲಿ ಹುಟ್ಟಿದ ಕುವೆಂಪು ವಿಶ್ವವಿದ್ಯಾಲಯ. ಈಚೆ ಅಡಿಕೆ, ತೆಂಗು, ಗದ್ದೆ, ಬೆನ್ನಿಗೆ ಭದ್ರಾ ಹುಲಿ ಮೀಸಲು ಅರಣ್ಯ. ಇಲ್ಲಿನ ಹೆಣ್ಣುಮಕ್ಕಳು ಟೀಚರ್ ಆಗಿದ್ದಾರೆ, ನರ್ಸ್ ಆಗಿದ್ದಾರೆ, ಇಂಜಿನಿಯರಿಂಗ್ ಓದಿ ಬೆಂಗಳೂರಿನ ಐಟಿ ಕಂಪನಿಗಳಿಗೆ ಹೋಗಿದ್ದಾರೆ. ಐಟಿ ಎಂದರೆ ಈಗ ಯಾರ ಮನೆಯಲ್ಲೂ ವಿವರಣೆ ಬೇಕಿಲ್ಲ. ನೆರಳಲ್ಲಿ ಕೂತು ಮಾಡುವ ಕೆಲಸ, ತಿಂಗಳಿಗೆ ಸರಿಯಾಗಿ ಸಂಬಳ, ಪಕ್ಕದ ಬೀದಿಯ ಯಾರದೋ ಮಗಳು ಆಗಲೇ ಅಲ್ಲಿದ್ದಾಳೆ, ಹೋದರೆ ಮೊದಲ ವಾರ ಅವಳ ರೂಮಿನಲ್ಲೇ ಉಳಿಯಬಹುದು. ಗೇಮ್ ಕಂಪನಿಯ ವಿಷಯದಲ್ಲಿ ಪಕ್ಕದ ಬೀದಿಯ ಆ ಮಗಳೇ ಇಲ್ಲ. ಅರ್ಧ ತೊಡಕು ಅಲ್ಲೇ ಇದೆ.

ಮೊದಲ ಪ್ರಶ್ನೆಗೆ ಉತ್ತರ ಹೇಳಲು ಕಂಪ್ಯೂಟರ್ ಬೇಡ, ಚೌಕಾಬಾರ ಸಾಕು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಐದೈದು ಮನೆ, ನಾಲ್ಕು ಕವಡೆ, ಕಾಯಿಗಳಿಗೆ ಬಳೆಚೂರೋ ಕಲ್ಲೋ. ಕವಡೆ ಇಲ್ಲದಿದ್ದರೆ ಹುಣಸೆಬೀಜದ ಒಂದು ಮಗ್ಗುಲನ್ನು ಕಲ್ಲಿಗೆ ತೇದು ಬಿಳಿ ಮಾಡಿಕೊಂಡರಾಯಿತು. ನಾಲ್ಕೂ ಬಾಯಿ ಮೇಲಾಗಿ ಬಿದ್ದರೆ ಚೌಕ, ನಾಲ್ಕು ಮನೆ. ನಾಲ್ಕೂ ಮಗುಚಿ ಬಿದ್ದರೆ ಬಾರ, ಎಂಟು ಮನೆ. ಎರಡರಲ್ಲಿ ಯಾವುದು ಬಿದ್ದರೂ ಇನ್ನೊಂದು ಆಟ.

ಈಗ ಇದನ್ನು ಆಟ ಕಟ್ಟುವವರ ಕಣ್ಣಿನಿಂದ ನೋಡಿ. ನಾಲ್ಕು ಕವಡೆ ಬೀಳುವ ಬಗೆ ಒಟ್ಟು 16. ಎರಡೂ ಮಗ್ಗುಲು ಸಮಸಮ ಬೀಳುತ್ತವೆ ಎಂದಿಟ್ಟುಕೊಂಡರೆ ಚೌಕ ಬೀಳುವುದು 16ರಲ್ಲಿ ಒಂದು ಸಲ, ಬಾರವೂ ಒಂದೇ ಸಲ. ಎರಡು ಬೀಳುವುದು ಆರು ಸಲ, ಒಂದು ಮತ್ತು ಮೂರು ತಲಾ ನಾಲ್ಕು ಸಲ. ಸರಾಸರಿ ತೆಗೆದರೆ ಒಂದು ಎಸೆತಕ್ಕೆ ಎರಡೂವರೆ ಮನೆ. ಕಾಯಿ ಹಣ್ಣಾಗಲು 24 ಹೆಜ್ಜೆ ನಡೆಯಬೇಕು. ಹಾಗಾಗಿ ಒಂದು ಕಾಯಿಗೆ ಹತ್ತರ ಆಸುಪಾಸು ಎಸೆತ ಬೇಕು, ಆಟ ಒಂದು ಮಧ್ಯಾಹ್ನಕ್ಕೆ ಸರಿಹೋಗುತ್ತದೆ. ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದೆ ಒಳಸುತ್ತಿಗೆ ಹೋಗುವಂತಿಲ್ಲ ಎಂಬ ಕಟ್ಟಳೆಯನ್ನು ತೆಗೆದು ಆಡಿ ನೋಡಿ. ಎಲ್ಲರೂ ತಂತಮ್ಮ ಪಾಡಿಗೆ ಸುತ್ತು ಹಾಕಿ ಒಳಗೆ ಸೇರುತ್ತಾರೆ. ಜಗಳವಿಲ್ಲ, ನಗುವಿಲ್ಲ, ಆಟ ಸಪ್ಪೆ. ಕಟ್ಟೆಮನೆಯಲ್ಲಿ ಕಾಯಿಯನ್ನು ಕಡಿಯಬಾರದು ಎಂಬುದನ್ನು ತೆಗೆದರೆ ಚಿಕ್ಕ ಮಕ್ಕಳು ಅಳುತ್ತ ಎದ್ದು ಹೋಗುತ್ತಾರೆ. ಮೂರು ಸಲ ಸಾಲಾಗಿ ಚೌಕವೋ ಬಾರವೋ ಬಿದ್ದರೆ ಅದು ಲೆಕ್ಕಕ್ಕಿಲ್ಲ ಎಂದು ಕೆಲವು ಮನೆಗಳಲ್ಲಿ ಮಾಡಿಕೊಂಡ ಕಟ್ಟಳೆಯ ಉದ್ದೇಶ, ಅದೃಷ್ಟವಂತರು ಒಂದೇ ಏಟಿಗೆ ಆಟ ಮುಗಿಸದಂತೆ ನೋಡಿಕೊಳ್ಳುವುದು.

ಗೇಮ್ ಡಿಸೈನರ್ ತಿಂಗಳ ಸಂಬಳಕ್ಕೆ ಮಾಡುವ ಕೆಲಸ ಇದೇ. ಎಷ್ಟು ಅದೃಷ್ಟ, ಎಷ್ಟು ಜಾಣತನ, ಸೋತವರು ಇನ್ನೊಂದು ಆಟಕ್ಕೆ ಕೂರುವ ಹಾಗೆ ಸೋಲಿಸುವುದು ಹೇಗೆ ಎಂಬ ಲೆಕ್ಕ. ಮಳೆಗಾಲದಲ್ಲಿ ಕರೆಂಟು ಹೋದ ಮನೆಗಳಲ್ಲಿ, ಶಿವರಾತ್ರಿಯ ಜಾಗರಣೆಯಲ್ಲಿ, ಮೊಮ್ಮಕ್ಕಳನ್ನು ಕೂರಿಸಿಕೊಂಡು ಕಟ್ಟಳೆ ಹೇಳುತ್ತಿದ್ದವರು ಹೆಚ್ಚಾಗಿ ಅಜ್ಜಿಯರೇ. ಅರಮನೆಯ ಕಡೆಯಿಂದ ಮುಮ್ಮಡಿ ಕೃಷ್ಣರಾಜ ಒಡೆಯರ ಆಟದ ಹುಚ್ಚಿಗೆ ದಾಖಲೆಯಿದೆ. ‘ಶ್ರೀತತ್ತ್ವನಿಧಿ’ಯಲ್ಲಿ ಆಟಗಳಿಗೆಂದೇ ಕೌತುಕನಿಧಿ ಎಂಬ ಭಾಗವಿದೆ. ಅಜ್ಜಿಯರದಕ್ಕೆ ದಾಖಲೆ ಇಲ್ಲ. ಅಳಗುಳಿ ಮಣೆಯ ಹದಿನಾಲ್ಕು ಗುಳಿಗಳಲ್ಲಿ ಕೊನೆಯ ಬೀಜ ಎಲ್ಲಿ ಬೀಳುತ್ತದೆಂದು ಕಣ್ಣಳತೆಯಲ್ಲೇ ಹೇಳುವ ಹೆಂಗಸರನ್ನು ಕಂಡವರಿಗೆ, ಹೆಣ್ಣುಮಕ್ಕಳಿಗೂ ಆಟದ ಲೆಕ್ಕಕ್ಕೂ ದೂರ ಎಂಬ ಮಾತು ವಿಚಿತ್ರವಾಗಿ ಕೇಳಿಸೀತು.

ಎರಡನೆಯ ಪ್ರಶ್ನೆಗೆ ಕಾರಣವುಂಟು. ಹಳ್ಳಿಹಳ್ಳಿಗಳಲ್ಲಿ ಗೇಮ್ ಎಂದರೆ ಮೊಬೈಲಿನ ರಮ್ಮಿ, ಅದರಲ್ಲಿ ಹೋದ ಅಡಿಕೆ ದುಡ್ಡು, ಸಾಲ, ಅದರಿಂದಾದ ಸಾವು. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ತಂದಿತು. ಅದೇ ಕಾನೂನು ಇ-ಸ್ಪೋರ್ಟ್ಸ್ ಮತ್ತು ಹಣದ ಹಂಗಿಲ್ಲದ ಆಟಗಳಿಗೆ ಉತ್ತೇಜನ ಕೊಡಬೇಕೆಂದೂ ಹೇಳುತ್ತದೆ. ನಿಷೇಧದಿಂದ ಬೆಂಗಳೂರಿನಲ್ಲಿ ಕೆಲಸ ಕಳೆದುಕೊಂಡವರೂ ಇದ್ದಾರೆ. ಹಣದಾಟದ ಆ ಕಂಪನಿಗಳಲ್ಲಿ ಚಿತ್ರ ಬರೆಯುತ್ತಿದ್ದವರು, ಕೋಡ್ ಬರೆಯುತ್ತಿದ್ದವರು ಜೂಜುಕೋರರೇನಲ್ಲ. ಆದರೂ ತಾಯಿಗೆ ಹೇಳುವ ಉತ್ತರ ಕಾನೂನು ಬಂದ ಮೇಲೆ ಸುಲಭವಾಗಿದೆ: ಅದು ಬೇರೆ, ಇದು ಬೇರೆ, ಗೆರೆ ಎಳೆದಿರುವುದು ಸಂಸತ್ತು.

ಇನ್ನು ಇತಿಹಾಸ. ಗೇಮ್ ಎಂದರೆ ಹುಡುಗರ ಲೋಕ ಎಂಬುದು ಆದಿಯಿಂದ ಬಂದದ್ದಲ್ಲ. 1978ರಲ್ಲಿ ಕ್ಯಾಲಿಫೋರ್ನಿಯಾದ ಅಟಾರಿ ಕಂಪನಿಗೆ ಕ್ಯಾರೊಲ್ ಶಾ ಎಂಬ ಹುಡುಗಿ ಸೇರಿದಳು. ಬರ್ಕ್‌ಲಿಯಲ್ಲಿ ಇಂಜಿನಿಯರಿಂಗ್ ಮತ್ತು ಕಂಪ್ಯೂಟರ್ ಸೈನ್ಸ್ ಓದಿದವಳು. ಕಂಪನಿಯ ಅಧ್ಯಕ್ಷ ರೇ ಕಸಾರ್ ಒಮ್ಮೆ ಪ್ರಯೋಗಾಲಯಕ್ಕೆ ಬಂದು, ಕೊನೆಗೂ ಒಬ್ಬ ಹೆಣ್ಣುಮಗಳು ಸಿಕ್ಕಳು, ಇನ್ನು ಬಣ್ಣ ಹೊಂದಿಸುವ, ಮನೆ ಸಿಂಗರಿಸುವ ಆಟಗಳನ್ನು ಮಾಡಬಹುದು ಎಂಬರ್ಥದ ಮಾತಾಡಿದನಂತೆ. ಆಮೇಲೆ ಆಕ್ಟಿವಿಷನ್ ಕಂಪನಿಗೆ ಹೋದ ಶಾ 1982ರಲ್ಲಿ ಮಾಡಿದ್ದು ‘ರಿವರ್ ರೇಡ್’. ಒಂದು ಹೊಳೆ, ಅದರ ಮೇಲೆ ಹಾರುವ ಯುದ್ಧವಿಮಾನ, ಹೊಳೆಯಲ್ಲಿ ಹಡಗು, ಸೇತುವೆ, ನಡುಗಡ್ಡೆ. ಆಕೆಗೆ ಸಿಕ್ಕ ಜಾಗ 4 ಕಿಲೋಬೈಟ್. ಯೂನಿಕೋಡಿನಲ್ಲಿ ಈ ಲೇಖನದ ಎರಡು ಪ್ಯಾರಾ ಹಾಕಿದರೆ ತುಂಬಿಹೋಗುವಷ್ಟು. ಅಷ್ಟರಲ್ಲಿ ಉದ್ದನೆಯ ಹೊಳೆಯ ಚಿತ್ರ ಬರೆದಿಡುವುದು ಆಗದ ಮಾತು. ಆಕೆ ಚಿತ್ರದ ಬದಲು ಹೊಳೆ ಹುಟ್ಟಿಸುವ ಗಣಿತವನ್ನು ಬರೆದಿಟ್ಟಳು. ಒಂದು ಸಂಖ್ಯೆಯಿಂದ ಮುಂದಿನ ಸಂಖ್ಯೆ, ಅದರಿಂದ ದಡದ ತಿರುವು, ನಡುಗಡ್ಡೆಯ ಅಗಲ. ಪ್ರತಿ ಸಲ ಅದೇ ಸಂಖ್ಯೆಯಿಂದ ಶುರುವಾಗುವುದರಿಂದ ಪ್ರತಿ ಸಲವೂ ಅದೇ ಹೊಳೆ. ಆಡುವವನು ಮುಂದೆ ಹೋದಂತೆ ಹೊಳೆ ಹುಟ್ಟುತ್ತ ಹೋಗುತ್ತದೆ. ಅಂದಿನ ಅತಿ ಹೆಚ್ಚು ಮಾರಾಟವಾದ ಆಟಗಳಲ್ಲಿ ಅದೂ ಒಂದು. ಬಣ್ಣ ಹೊಂದಿಸುವ ಆಟದ ಸುದ್ದಿ ಮತ್ತೆ ಬಂದಂತಿಲ್ಲ.

ಅದೇ ಅಟಾರಿಯಲ್ಲಿ 1981ರಲ್ಲಿ ಡೋನಾ ಬೈಲಿ, ಎಡ್ ಲಾಗ್ ಜತೆಗೂಡಿ ‘ಸೆಂಟಿಪೀಡ್’ ಕಟ್ಟಿದಳು. ಕಾಸು ಹಾಕಿ ಆಡುವ ಯಂತ್ರಗಳ ಆ ವಿಭಾಗದಲ್ಲಿ ಆಕೆಯೊಬ್ಬಳೇ ಹೆಣ್ಣು. ಆ ಆಟಕ್ಕೆ ಮುಗಿಬಿದ್ದವರಲ್ಲಿ ಹೆಂಗಸರೂ ಬಹಳ ಮಂದಿ. ಬೈಲಿ ಕೆಲವೇ ವರ್ಷಗಳಲ್ಲಿ ಉದ್ಯಮ ಬಿಟ್ಟು, ಎಷ್ಟೋ ಕಾಲ ಅದರ ಮಾತೇ ಎತ್ತದೆ, ಮುಂದೆ ಆರ್ಕನ್ಸಾದ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದಳು.

ಮುಂದೇನಾಯಿತು? ಮನೆಮನೆಗೆ ಕಂಪ್ಯೂಟರ್ ಬಂದಾಗ ಅಮೆರಿಕದ ಜಾಹೀರಾತುಗಳು ಅದನ್ನು ಹುಡುಗರ ಆಟಿಕೆಯೆಂದು ಮಾರಿದವು. ಅಲ್ಲಿ ಕಂಪ್ಯೂಟರ್ ಸೈನ್ಸ್ ಪದವಿ ಪಡೆಯುವವರಲ್ಲಿ ಹೆಣ್ಣುಮಕ್ಕಳು 1984ರ ಸುಮಾರಿಗೆ ಶೇ 37ರಷ್ಟಿದ್ದವರು ನಂತರದ ದಶಕಗಳಲ್ಲಿ ಶೇ 18ರ ಹತ್ತಿರಕ್ಕೆ ಇಳಿದರು. ಪಿಟ್ಸ್‌ಬರ್ಗಿನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ 1995ರಲ್ಲಿ ಕಂಪ್ಯೂಟರ್ ಸೈನ್ಸ್‌ಗೆ ಸೇರಿದವರಲ್ಲಿ ಹುಡುಗಿಯರು ನೂರಕ್ಕೆ ಏಳು. ಜೇನ್ ಮಾರ್ಗೊಲಿಸ್, ಆಲನ್ ಫಿಶರ್ ಎಂಬಿಬ್ಬರು ಕಾರಣ ಹುಡುಕಲು ಕೂತರು. ಹುಡುಗರು ಮನೆಯಲ್ಲಿ ಮೊದಲೇ ಕೋಡ್ ಬರೆದು ಪಳಗಿ ಬಂದಿರುತ್ತಿದ್ದರು. ಅದನ್ನೇ ಪ್ರತಿಭೆಯೆಂದು ಎಣಿಸಲಾಗುತ್ತಿತ್ತು. ಪ್ರವೇಶಕ್ಕೆ ಹಿಂದಿನ ಅನುಭವ ಬೇಕೆನ್ನುವುದನ್ನು ಕೈಬಿಟ್ಟರು, ಹೊಸಬರಿಗೆ ಬೇರೆ ಮೆಟ್ಟಿಲು ಹಾಕಿಕೊಟ್ಟರು. 2000ದ ಹೊತ್ತಿಗೆ ನೂರಕ್ಕೆ 42 ಹುಡುಗಿಯರು. ಐದು ವರ್ಷದಲ್ಲಿ ಹುಡುಗಿಯರೇನೂ ಬದಲಾಗಲಿಲ್ಲ, ಬಾಗಿಲು ಬದಲಾಯಿತು.

ನಮ್ಮಲ್ಲಿ ಲೆಕ್ಕ ಸ್ವಲ್ಪ ತಿರುಗುಮುರುಗು. ಶಿವಮೊಗ್ಗದ ಜೆಎನ್‌ಎನ್‌ಸಿಇ, ಚಿಕ್ಕಮಗಳೂರಿನ ಎಐಟಿಯಂಥ ಕಾಲೇಜುಗಳ ಕಂಪ್ಯೂಟರ್ ಸೈನ್ಸ್ ತರಗತಿಯಲ್ಲಿ ಹುಡುಗಿಯರಿಗೇನೂ ಬರವಿಲ್ಲ. ಕೋಡ್ ಬರೆಯಲು ಕಲಿತ ಹೆಣ್ಣುಮಕ್ಕಳು ಕರ್ನಾಟಕದಲ್ಲಿ ಬೇಕಾದಷ್ಟಿದ್ದಾರೆ. ಆಡುವವರಲ್ಲೂ ಅಷ್ಟೇ, ಅಮೆರಿಕದ ಉದ್ಯಮ ಸಂಘದ ಲೆಕ್ಕದಲ್ಲಿ ಆಟಗಾರರಲ್ಲಿ ಹೆಚ್ಚುಕಡಿಮೆ ಅರ್ಧ ಹೆಂಗಸರು. ಆದರೆ ಗೇಮ್ ತಯಾರಕರ ಅಂತರರಾಷ್ಟ್ರೀಯ ಸಂಘ 2021ರಲ್ಲಿ ಮಾಡಿದ ಸಮೀಕ್ಷೆಗೆ ಉತ್ತರಿಸಿದವರಲ್ಲಿ ಹೆಂಗಸರು ಶೇ 30. ತಯಾರಿಸುವ ಕೋಣೆಯ ಬಾಗಿಲಲ್ಲಿ ಎಲ್ಲೋ ಸೋರಿಕೆಯಿದೆ.

ಆ ಕೋಣೆ ನಮಗೆ ದೂರವೂ ಅಲ್ಲ. ತರೀಕೆರೆ ಸ್ಟೇಷನ್ನಿನಲ್ಲಿ ರೈಲು ಹತ್ತಿದರೆ ಬೆಂಗಳೂರು. ಭಾರತದ ಮೊದಲ ಗೇಮ್ ಕಂಪನಿಯೆಂದು ಹೆಸರಾದ ಧ್ರುವ ಇಂಟರ್‌ಆ್ಯಕ್ಟಿವ್ 1997ರಲ್ಲಿ ರಾಜೇಶ್ ರಾವ್ ಅವರಿಂದ ಶುರುವಾದದ್ದು ಅಲ್ಲೇ. 2019ರಲ್ಲಿ ಅದನ್ನು ಕೊಂಡದ್ದು ‘ಜಿಟಿಎ’ ಆಟದ ರಾಕ್‌ಸ್ಟಾರ್. ಝಿಂಗಾ ಎಂಬ ಗೇಮ್ ಕಂಪನಿ 2010ರಲ್ಲೇ ಬೆಂಗಳೂರಿಗೆ ಬಂತು. ಅನಿಮೇಷನ್, ಗೇಮಿಂಗ್‌ಗೆಂದು ದೇಶದಲ್ಲೇ ಮೊದಲ ನೀತಿ ತಂದದ್ದು ಕರ್ನಾಟಕ, 2012ರಲ್ಲಿ. ಈಗ ಜಾರಿಯಲ್ಲಿರುವುದು 2024–29ರ ಮೂರನೆಯ ಆವೃತ್ತಿ. ಬೆಂಗಳೂರಿನ ಮಹದೇವಪುರದಲ್ಲಿ 2023ರಲ್ಲಿ ಇದಕ್ಕೆಂದೇ ಸರ್ಕಾರದ ಉತ್ಕೃಷ್ಟತಾ ಕೇಂದ್ರ ಬಾಗಿಲು ತೆರೆಯಿತು.

ಹೆಸರು ಹಿಡಿದು ತೋರಿಸಲು ಒಬ್ಬರು ಬೇಕೆಂದರೆ ಪೂರ್ಣಿಮಾ ಸೀತಾರಾಮನ್ ಇದ್ದಾರೆ. ಮೊಬೈಲಿನಲ್ಲಿ ಆಟವೆಂದರೆ ಹಾವಿನಾಟ ಎಂದುಕೊಂಡಿದ್ದ ಕಾಲದಲ್ಲೇ ಈ ಕಸುಬಿಗೆ ಇಳಿದವರು, ಬೆಂಗಳೂರಿನ ಝಿಂಗಾದಲ್ಲಿ ಡಿಸೈನ್ ವಿಭಾಗದ ಮುಂದಾಳಾದವರು. 2020ರಲ್ಲಿ ‘ವಿಮೆನ್ ಇನ್ ಗೇಮ್ಸ್’ ಸಂಸ್ಥೆಯ ಹಾಲ್ ಆಫ್ ಫೇಮ್‌ಗೆ ಸೇರಿದ ಮೊದಲ ಭಾರತೀಯೆ. ಈ ಸುದ್ದಿ ಇಂಗ್ಲಿಷ್ ಪತ್ರಿಕೆಗಳಲ್ಲಿ ಬಂತು. ನಮ್ಮ ಪಿಯು ಕಾಲೇಜುಗಳ ನೋಟಿಸ್ ಬೋರ್ಡಿನಲ್ಲಿ ಅವರ ಫೋಟೊ ಅಂಟಿಸಿದ್ದು ನಾನಂತೂ ಕಂಡಿಲ್ಲ. ಸಿಇಟಿ ರ‍್ಯಾಂಕಿನವರ ಪಕ್ಕದಲ್ಲಿ ಒಂದಿಷ್ಟು ಜಾಗ ಮಾಡಬಹುದು.

ಗೇಮ್ ಕಂಪನಿಯಲ್ಲಿ ಎಲ್ಲರೂ ಕೋಡ್ ಬರೆಯುತ್ತಾರೆ ಎಂಬುದೂ ಒಂದು ತಪ್ಪು ಕಲ್ಪನೆ. ಆಟದ ಲೆಕ್ಕ ಹಾಕುವವರು ಡಿಸೈನರ್‌ಗಳು. ಮರ, ಮನೆ, ಮುಖ ಬರೆಯುವ ಆರ್ಟಿಸ್ಟ್‌ಗಳೇ ಬೆಂಗಳೂರಿನಲ್ಲಿ ಹೆಚ್ಚು, ಯಾಕೆಂದರೆ ಇಲ್ಲಿನ ಬಹುಪಾಲು ಕೆಲಸ ಹೊರದೇಶದ ಆಟಗಳಿಗೆ ಚಿತ್ರ ಮಾಡಿಕೊಡುವುದು. ನಡಿಗೆ ಕೊಡುವವರು ಅನಿಮೇಟರ್‌ಗಳು. ಸದ್ದು ಮಾಡುವವರು, ಸಂಭಾಷಣೆ ಬರೆಯುವವರು, ತಪ್ಪು ಹುಡುಕಲೆಂದೇ ದಿನವಿಡೀ ಆಡುವ ಟೆಸ್ಟರ್‌ಗಳು, ಎಲ್ಲರನ್ನೂ ಎಳೆದು ತಂದು ಹೊತ್ತಿಗೆ ಸರಿಯಾಗಿ ಮುಗಿಸುವ ಪ್ರೊಡ್ಯೂಸರ್. ರಂಗೋಲಿಯ ಚುಕ್ಕಿ ತಪ್ಪದ ಕೈಗೂ, ಮಕ್ಕಳ ಕಥೆಯಿಂದ ಹಿಡಿದು ಸಿಕ್ಕಿದ್ದೆಲ್ಲ ಓದುವ ತಲೆಗೂ, ಮದುವೆಮನೆಯ ಉಗ್ರಾಣ ನಿಭಾಯಿಸಿದ ಗಟ್ಟಿಗಿತ್ತಿಗೂ ಅಲ್ಲಿ ಕೆಲಸವುಂಟು.

ಸೇರುವಾಗ ಅಂಕಪಟ್ಟಿಗಿಂತ ಹೆಚ್ಚಾಗಿ ನೋಡುವುದು ಮಾಡಿ ಮುಗಿಸಿದ ಕೆಲಸವನ್ನು. ಐದು ನಿಮಿಷದ ಪುಟ್ಟ ಆಟವಾದರೂ ಸರಿ, ಪೂರ್ತಿ ಆಡಲು ಬರಬೇಕು. ಅದಕ್ಕೆ ಬೇಕಾದ ಗೊಡೊ, ಬ್ಲೆಂಡರ್‌ನಂಥ ಮುಕ್ತ ತಂತ್ರಾಂಶಗಳಿಗೆ ಕಾಸು ಕೊಡಬೇಕಿಲ್ಲ. ಗೊಡೊ ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಓದಿನ ದಾರಿ ಬೇಕೆಂದರೆ ಬಿಇ, ಬಿಸಿಎ, ಚಿತ್ರಕಲೆಯ ಬಿಎಫ್‌ಎ, ಯಾವುದರಿಂದಲೂ ಒಳಗೆ ಹೋಗಬಹುದು. ಪದವಿಯ ನಂತರ ಎನ್‌ಐಡಿಯ ಬೆಂಗಳೂರು ಕ್ಯಾಂಪಸ್ಸಿನಲ್ಲಿ ಡಿಜಿಟಲ್ ಗೇಮ್ ಡಿಸೈನ್‌ಗೆಂದೇ ಸ್ನಾತಕೋತ್ತರ ಕೋರ್ಸ್ ಇದೆ. ಇಷ್ಟನ್ನು ಕನ್ನಡದಲ್ಲಿ ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ ಪ್ರತಿ ಪಿಯು ಕಾಲೇಜಿಗೆ ಕಳಿಸಲು ಸರ್ಕಾರಕ್ಕೆ ಎಷ್ಟು ಖರ್ಚಾದೀತು?

ಲಕ್ಕವಳ್ಳಿಯ ಹುಡುಗಿ ಬೆಂಗಳೂರಿಗೆ ಬರಿಗೈಯಲ್ಲಿ ಹೋಗುವುದಿಲ್ಲ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಚಳಿ ಕಳೆದು ಬೇಸಿಗೆ ಬರುತ್ತಿದ್ದಂತೆ ಭದ್ರೆಯ ಹಿನ್ನೀರು ಇಳಿಯುತ್ತದೆ, ಮುಳುಗಿದ್ದ ದಿಬ್ಬಗಳು ನಡುಗಡ್ಡೆಗಳಾಗಿ ಮೇಲೇಳುತ್ತವೆ. ಆ ಬೋಳು ನೆಲದ ಮೇಲೆ ರಿವರ್ ಟರ್ನ್ ಹಕ್ಕಿಗಳು ಸಾವಿರಗಟ್ಟಲೆ ಬಂದು ಮೊಟ್ಟೆಯಿಡುತ್ತವೆ. ಗೂಡು ಅನ್ನುವಂಥದ್ದೇನೂ ಇಲ್ಲ, ಜಲ್ಲಿಯ ನಡುವೆ ಒಂದು ಕುಳಿ. ಅತ್ತ ದಾವಣಗೆರೆಯ ಗದ್ದೆಗಳಿಗೆ ನಾಲೆಯ ನೀರು ಬೇಕು, ಇತ್ತ ಮುಂಗಾರಿಗೆ ಮೊದಲು ಮರಿಗಳಿಗೆ ರೆಕ್ಕೆ ಬಲಿಯಬೇಕು, ನಡುವೆ ಅಕಾಲ ಮಳೆ ಬಂದರೆ ಮಟ್ಟ ಏರಿ ಮೊಟ್ಟೆ ಮುಳುಗುತ್ತದೆ. ಜಲಾಶಯ ತುಂಬಿದರೆ 186 ಅಡಿ, ಸುಮಾರು 71.5 ಟಿಎಂಸಿ ಅಡಿ ನೀರು. ಇವತ್ತು ಎಷ್ಟು ಅಡಿ ಇದೆ ಎಂದು ಪತ್ರಿಕೆಯಲ್ಲಿ ದಿನವೂ ನೋಡುವ ಊರು ಇದು. ಏರುವ ಇಳಿಯುವ ಒಂದು ಸಂಖ್ಯೆ, ಅದರ ಮೇಲೆ ನಿಂತ ಹಕ್ಕಿ, ಮೀನು, ಗದ್ದೆ, ಹೊಳೆ ಈಜಿ ಬರುವ ಆನೆ. ಆಟವೊಂದಕ್ಕೆ ಬೇಕಾದ ಹೆಣಿಗೆಯೆಲ್ಲ ಇಲ್ಲಿ ಸಿದ್ಧವಾಗಿ ಬಿದ್ದಿದೆ. ಕ್ಯಾರೊಲ್ ಶಾ ತನ್ನ ಹೊಳೆಯನ್ನು ಗಣಿತದಿಂದ ಹುಟ್ಟಿಸಬೇಕಾಯಿತು. ಈ ಹುಡುಗಿಗೆ ಹೊಳೆ ಮನೆಯ ಹಿಂದೆಯೇ ಇದೆ, ಗಣಿತವನ್ನಷ್ಟೇ ಕಲಿಸಬೇಕು.

ಇನ್ನೊಂದು ಉದಾಹರಣೆ. ಆಸ್ಟ್ರೇಲಿಯಾದ ಬ್ರಿಸ್ಬೇನಿನಲ್ಲಿ ರೆನ್ ಬ್ರಯರ್ ಎಂಬಾಕೆಯ ಕಲ್ಪನೆಯಿಂದ 2021ರಲ್ಲಿ ‘ಅನ್‌ಪ್ಯಾಕಿಂಗ್’ ಎಂಬ ಆಟ ಬಂತು. ಅದರಲ್ಲಿ ಶತ್ರುವಿಲ್ಲ, ಬಂದೂಕಿಲ್ಲ. ಒಬ್ಬ ಹೆಣ್ಣುಮಗಳು ವರ್ಷಗಳುದ್ದಕ್ಕೂ ಮನೆಯಿಂದ ಮನೆಗೆ ಹೋಗುತ್ತಾಳೆ, ಆಡುವವರು ಅವಳ ಪೆಟ್ಟಿಗೆ ಬಿಚ್ಚಿ ಸಾಮಾನು ಜೋಡಿಸಬೇಕು. ಗೆಳೆಯನ ಮನೆಗೆ ಹೋದಾಗ ಅವಳ ಪದವಿ ಪ್ರಮಾಣಪತ್ರಕ್ಕೆ ಗೋಡೆಯಲ್ಲಿ ಎಲ್ಲೂ ಜಾಗ ಸಿಗುವುದಿಲ್ಲ. ಎಷ್ಟು ತಡಕಾಡಿದರೂ ಕೊನೆಗೆ ಅದನ್ನು ಮಂಚದ ಕೆಳಗೆ ತಳ್ಳಬೇಕು. ಒಂದು ಮಾತೂ ಇಲ್ಲದೆ ಆ ಸಂಬಂಧ ಏನೆಂದು ತಿಳಿದುಹೋಗುತ್ತದೆ. ಅದಕ್ಕೆ ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿ ಬಂತು. ಇದನ್ನು ನೋಡಿದಾಗ ನನಗೆ ನೆನಪಾದದ್ದು ಎಂ.ಸಿ. ಹಳ್ಳಿ. ಭದ್ರಾ ಅಭಯಾರಣ್ಯದ ಒಳಗಿದ್ದ ಊರುಗಳ ನೂರಾರು ಕುಟುಂಬಗಳು 2001–02ರ ಹೊತ್ತಿಗೆ ಕಾಡು ಬಿಟ್ಟು ಬಂದು ನೆಲೆ ನಿಂತದ್ದು ಇದೇ ತರೀಕೆರೆ ತಾಲ್ಲೂಕಿನ ಆ ಜಾಗದಲ್ಲಿ. ಒರಳುಕಲ್ಲನ್ನು ತರುವುದೋ ಬಿಡುವುದೋ? ದೇವರ ಕಲ್ಲನ್ನು? ಬಾಣಂತಿ ಕೋಣೆಯ ತೊಟ್ಟಿಲನ್ನು? ಹೊಸ ಕಾಂಕ್ರೀಟು ಮನೆಯಲ್ಲಿ ಕಣಜಕ್ಕೆ ಜಾಗವೆಲ್ಲಿ? ಈ ಆಟವನ್ನು ಬ್ರಿಸ್ಬೇನಿನಲ್ಲಿ ಕೂತು ಮಾಡಲಾಗದು. ಕಾಡು ಬಿಟ್ಟು ಬಂದವರ ಮೊಮ್ಮಗಳಿಗೆ ಮಾತ್ರ ಗೊತ್ತು ಯಾವ ಪೆಟ್ಟಿಗೆಯಲ್ಲಿ ಏನಿತ್ತೆಂದು.

ಊರ ವಿಷಯ ಜಗತ್ತಿಗೆ ರುಚಿಸುತ್ತದೆಯೇ ಎಂಬ ಅನುಮಾನ ಈಗ ಉಳಿದಿಲ್ಲ. ಕೆನಡಾಕ್ಕೆ ಹೋದ ತಮಿಳು ತಾಯಿಯೊಬ್ಬಳು ಹರಿದುಹೋದ ಅಡುಗೆ ಪುಸ್ತಕ ಹಿಡಿದು ಇಡ್ಲಿ ಬೇಯಿಸುವ ‘ವೆಣ್ಬಾ’ 2023ರಲ್ಲಿ ಬಂದು, ಮರುವರ್ಷ ಬಾಫ್ಟಾದ ಚೊಚ್ಚಲ ಆಟದ ಪ್ರಶಸ್ತಿ ಗೆದ್ದಿತು. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ 2020ರಲ್ಲಿ ತಂದ ‘ರಾಜಿ’ಯ ನಾಯಕಿ ತಮ್ಮನನ್ನು ಹುಡುಕಿ ಹೊರಟ ಹುಡುಗಿ, ಅದರ ಕಲಾ ನಿರ್ದೇಶಕಿ, ಕಂಪನಿ ಕಟ್ಟಿದವರಲ್ಲೊಬ್ಬರು ಶ್ರುತಿ ಘೋಷ್.

ಮೂರನೆಯ ಮತ್ತು ನಾಲ್ಕನೆಯ ಪ್ರಶ್ನೆಗಳಿಗೆ ಸಕ್ಕರೆ ಬೆರೆಸಿ ಉತ್ತರಿಸಬಾರದು. ಶುರುವಿನ ಸಂಬಳ ಐಟಿ ಕಂಪನಿಗಿಂತ ಕಡಿಮೆ ಸಿಗುವುದೂ ಉಂಟು. ಕೆಲಸ ಸ್ಥಿರವೆಂದು ಹೇಳುವಂತಿಲ್ಲ: 2023, 2024ರಲ್ಲಿ ಜಗತ್ತಿನಾದ್ಯಂತ ಗೇಮ್ ಕಂಪನಿಗಳು ವರ್ಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಜನರನ್ನು ಮನೆಗೆ ಕಳಿಸಿದವು. 2025ರ ಫೆಬ್ರುವರಿಯಲ್ಲಿ ಟೆಕ್ನಿಕಲರ್ ಕಂಪನಿ ದಿಢೀರನೆ ಮುಚ್ಚಿದಾಗ ಬೆಂಗಳೂರಿನ ಅನಿಮೇಷನ್ ಕಲಾವಿದರು ರಾತ್ರಿ ಬೆಳಗಾಗುವುದರಲ್ಲಿ ಬೀದಿಗೆ ಬಂದರು. ಆಟ ಬಿಡುಗಡೆಯಾಗುವ ಮುಂಚಿನ ತಿಂಗಳುಗಳಲ್ಲಿ ಸರಿರಾತ್ರಿಯವರೆಗೆ ಕೆಲಸ ಮಾಡಿಸುವುದಕ್ಕೆ ಈ ಉದ್ಯಮದಲ್ಲಿ ‘ಕ್ರಂಚ್’ ಎಂಬ ಹೆಸರೇ ಇದೆ.

ರಾತ್ರಿ ಕೆಲಸದ ವಿಷಯದಲ್ಲಿ ಲಕ್ಕವಳ್ಳಿಯ ತಾಯಿಗೆ ಪಾಠ ಹೇಳಬೇಕಿಲ್ಲ. ಅಡಿಕೆ ಸುಗ್ಗಿಯಲ್ಲಿ ಹೊತ್ತು ಮೀರುವವರೆಗೆ ಮೆಟ್ಟುಗತ್ತಿಯ ಮುಂದೆ ಕೂತು ಸುಲಿದವಳು ಆಕೆ. ಸುಲಿಯಲು ಹೋಗುವ ಮುಂಚೆ ಹೆಂಗಸರು ಏನೇನು ಮಾತಾಡಿಕೊಳ್ಳುತ್ತಾರೋ ನೋಡಿ: ಡಬ್ಬಕ್ಕೆ ಎಷ್ಟು, ಚಹಾ ತಿಂಡಿ ಉಂಟೋ, ರಾತ್ರಿ ಮನೆಗೆ ಬಿಡುವುದು ಯಾರ ಗಾಡಿ, ಜತೆಗೆ ಯಾರ‍್ಯಾರು ಬರುತ್ತಾರೆ. ಇದೇ ಮಾತನ್ನು ಬೆಂಗಳೂರಿನ ಕಂಪನಿಗೂ ಕೇಳಬೇಕು. ಹೆಚ್ಚಿನ ದುಡಿಮೆಗೆ ಕೂಲಿ ಎಷ್ಟು, ರಾತ್ರಿ ವಾಹನ ಉಂಟೋ, ತಂಡದಲ್ಲಿ ಹೆಂಗಸರೆಷ್ಟು, ಅವರಲ್ಲಿ ಮದುವೆಯಾಗಿ ಮಗುವಾದ ಮೇಲೂ ಉಳಿದವರೆಷ್ಟು.

ಕೊನೆಯದೇ ಮುಖ್ಯ. ಒಳಗೆ ಕರೆದುಕೊಳ್ಳುವುದಕ್ಕಿಂತ ಉಳಿಸಿಕೊಳ್ಳುವುದು ಕಷ್ಟ. 2014ರಲ್ಲಿ ‘ಗೇಮರ್‌ಗೇಟ್’ ಎಂಬ ಹೆಸರಿನಲ್ಲಿ ಗೇಮ್ ಮಾಡುವ ಹೆಂಗಸರ ಮೇಲೆ ಬೆದರಿಕೆ, ಬೈಗುಳಗಳ ದಾಳಿಯೇ ನಡೆಯಿತು. 2021ರಲ್ಲಿ ಕ್ಯಾಲಿಫೋರ್ನಿಯಾ ಸರ್ಕಾರ ಆಕ್ಟಿವಿಷನ್ ಬ್ಲಿಝರ್ಡ್ ವಿರುದ್ಧ, ಹೆಂಗಸರಿಗೆ ತಾರತಮ್ಯ ಮಾಡಿದ ಆರೋಪದ ಮೇಲೆ ದಾವೆ ಹೂಡಿತು. 2023ರ ಕೊನೆಯಲ್ಲಿ ಅದು ಸುಮಾರು 5.4 ಕೋಟಿ ಡಾಲರಿಗೆ ರಾಜಿಯಾಯಿತು. ರಯಟ್ ಗೇಮ್ಸ್ ಇಂಥದ್ದೇ ಮೊಕದ್ದಮೆಗೆ 10 ಕೋಟಿ ಡಾಲರ್ ತೆತ್ತಿತು. ಶಾ ರಿವರ್ ರೇಡ್ ಮಾಡಿದ ಕಂಪನಿಯ ಹೆಸರೇ ನಲವತ್ತು ವರ್ಷದ ಮೇಲೆ ಹೀಗೆ ಕೋರ್ಟಿನಲ್ಲಿ ಕೇಳಬೇಕಾಯಿತು. ನಮ್ಮಲ್ಲಿ ಹತ್ತು ಮಂದಿ ಕೆಲಸ ಮಾಡುವ ಕಡೆಯೆಲ್ಲ ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ ಇರಲೇಬೇಕೆಂದು 2013ರ ಕಾನೂನು ಹೇಳುತ್ತದೆ. ಐವತ್ತು ಮಂದಿ ಇದ್ದರೆ ಶಿಶುಪಾಲನಾ ವ್ಯವಸ್ಥೆ ಇರಬೇಕೆಂಬ ನಿಯಮ 2017ರ ಹೆರಿಗೆ ಸೌಲಭ್ಯ ತಿದ್ದುಪಡಿಯಲ್ಲಿ ಬಂತು. ಇಂಟರ್‌ವ್ಯೂಗೆ ಹೋದ ಹುಡುಗಿ ಇವೆರಡೂ ಎಲ್ಲಿವೆ ಎಂದು ಕೇಳಿದರೆ ಅದು ಅಧಿಕಪ್ರಸಂಗವಲ್ಲ.

ಸರ್ಕಾರದ ನೀತಿಗೆ ಮಹದೇವಪುರದಿಂದ ಆಚೆ ಕಾಲು ಬರಬೇಕು. ಅಲ್ಲಿನ ಯಂತ್ರಗಳನ್ನು ನೋಡಲು ಲಕ್ಕವಳ್ಳಿಯಿಂದ ಹೋಗುವುದೆಂದರೆ ರೈಲು, ಬಸ್ಸು, ರಾತ್ರಿ ಉಳಿಯಲು ನೆಂಟರ ಮನೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ಟಿಗೆ ದುಡ್ಡಿಲ್ಲ ನಿಜ, ಆದರೆ ನಮ್ಮ ಮಲೆನಾಡ ರಸ್ತೆಗಳಲ್ಲಿ ಹೆಚ್ಚಾಗಿ ಓಡುವುದು ಖಾಸಗಿ ಬಸ್ಸು. ಅದರಲ್ಲಿ ಆ ಯೋಜನೆ ನಡೆಯದು. ಹೊಳೆಯಾಚೆ ಶಂಕರಘಟ್ಟದಲ್ಲಿ ಒಂದು ವಿಶ್ವವಿದ್ಯಾಲಯವೇ ಇದೆ, ಅದರಲ್ಲಿ ಕಂಪ್ಯೂಟರ್ ಸೈನ್ಸ್ ವಿಭಾಗವಿದೆ, ಹೆಣ್ಣುಮಕ್ಕಳ ಹಾಸ್ಟೆಲ್ ಇದೆ, ರಜೆಯಲ್ಲಿ ಎರಡೂ ಖಾಲಿ.

ಅಲ್ಲಿ ಏನು ಮಾಡಬಹುದು ಎಂಬುದಕ್ಕೊಂದು ಮಾದರಿಯಿದೆ. ಜಗತ್ತಿನಲ್ಲಿ 2009ರಿಂದ ‘ಗ್ಲೋಬಲ್ ಗೇಮ್ ಜಾಮ್’ ನಡೆಯುತ್ತಿದೆ. ಶುರುವಾದಾಗ 48 ಗಂಟೆಯ ಲೆಕ್ಕ. ಪರಿಚಯವಿಲ್ಲದವರು ಗುಂಪು ಕಟ್ಟಿಕೊಂಡು, ಕೊಟ್ಟ ವಿಷಯದ ಮೇಲೆ ಒಂದು ಪುಟ್ಟ ಆಟ ಮಾಡಿ ಮುಗಿಸುತ್ತಾರೆ. ಅದು ಬರುವುದು ಜನವರಿ ಕೊನೆಗೆ. ನಮ್ಮ ಪಿಯುಸಿ ಹುಡುಗಿಯರಿಗೆ ಅದು ಪೂರ್ವಸಿದ್ಧತಾ ಪರೀಕ್ಷೆಯ ಹೊತ್ತು, ಮಾರ್ಚಿನಲ್ಲಿ ಪರೀಕ್ಷೆ. ಅದರ ಹೆಸರೇ ಬೇಕೆಂದೇನಿಲ್ಲ. ಮೇ ತಿಂಗಳಲ್ಲಿ, ಸಿಇಟಿ ಮುಗಿದು ಫಲಿತಾಂಶಕ್ಕೆ ಕಾಯುವ ದಿನಗಳಲ್ಲಿ ಶಂಕರಘಟ್ಟದ ಲ್ಯಾಬಿನಲ್ಲಿ ಮೂರು ದಿನ ಸಾಕು. ತರೀಕೆರೆ, ಭದ್ರಾವತಿ, ಕಡೂರು, ಅಜ್ಜಂಪುರಗಳಿಂದ ಹುಡುಗಿಯರು. ಕೋಡ್ ಬಂದರೂ ಸರಿ, ಬರದಿದ್ದರೂ ಸರಿ. ಕನ್ನಡದಲ್ಲಿ ಹೇಳಿಕೊಡಬಲ್ಲ ಇಬ್ಬರು ಮೂವರು ಹೆಣ್ಣುಮಕ್ಕಳು ಬೆಂಗಳೂರಿನ ಕಂಪನಿಗಳಿಂದ, ಬಂದು ಹೋಗುವ ಖರ್ಚು ಕಂಪನಿಯದೇ. ಕೊನೆಯ ಮಧ್ಯಾಹ್ನ ತಾಯಂದಿರನ್ನು ಕರೆಸಿ, ಮಕ್ಕಳು ಮಾಡಿದ ಆಟವನ್ನು ಅವರ ಕೈಗೇ ಕೊಡಬೇಕು. ಎಲ್ಲಿ ಬೇಜಾರಾಯಿತು, ಯಾವ ಕಟ್ಟಳೆ ಅನ್ಯಾಯವೆನಿಸಿತು ಎಂದು ಅವರು ಹೇಳಿದ್ದನ್ನು ಹುಡುಗಿಯರು ಬರೆದುಕೊಳ್ಳಲಿ. ಕಂಪನಿಗಳಲ್ಲಿ ಆಟವನ್ನು ಪರೀಕ್ಷಿಸುವ ಒಂದು ದಾರಿ ಇದೇ.

ಬೇಕಾಗುವುದು ಒಂದಿಪ್ಪತ್ತು ಕಂಪ್ಯೂಟರು, ಗುಡುಗಿಗೆ ಕರೆಂಟು ಹೋದರೆ ತಡೆದುಕೊಳ್ಳುವ ಜನರೇಟರು, ಹಾಸ್ಟೆಲಿನ ಅಡುಗೆಯವರಿಗೆ ಮೂರು ದಿನದ ಕೂಲಿ, ಸಂಜೆ ಲಕ್ಕವಳ್ಳಿಗೆ ಬಿಟ್ಟು ಬರಲು ಒಂದು ವ್ಯಾನು, ಮತ್ತು ರಜೆಯಲ್ಲಿ ಲ್ಯಾಬಿನ ಬೀಗದ ಕೈ ಕೊಡಲು ಸಹಿ ಹಾಕುವ ಒಬ್ಬ ಅಧಿಕಾರಿ. ಅರ್ಜಿಯನ್ನು ಡಿಸೆಂಬರಿನಲ್ಲೇ ಕೊಟ್ಟರೆ ಮೇ ಹೊತ್ತಿಗೆ ಸಹಿ ಬಿದ್ದೀತು.